ತೊಂಬತ್ತನಾಲ್ಕು

ಗ್ಯೂಮ್ರಿಯ ಜನವರಿಗೆ ಹಲ್ಲಿದೆ.
ಕಪ್ಪು ಕಲ್ಲಿನ ಮನೆಗಳ ನಡುವೆ ಏಣಿ ಹೊತ್ತು ಹೊರಟರೆ
ಮೊದಲು ಕಿವಿಗೇ ಬಾಯಿ ಹಾಕುತ್ತದೆ.
ಮೂರನೆಯ ಮಹಡಿ. ನಾನು ಕದ ತಟ್ಟುವ ಮೊದಲೇ
ಜಗಳ ಹೊರಗೆ ಬಂದು ನನ್ನನ್ನು ಎದುರುಗೊಂಡಿತು:
‘ನನ್ನ ಪಾಲನ್ನೂ ಇವನೇ ಕುಡಿಯುತ್ತಿದ್ದಾನೆ!’

ದೂರು ಕೊಟ್ಟವಳು ಶೋಘೆರ್. ಆರೋಪಿ, ಅಣ್ಣ ನ್ಷಾನ್.
ಒಂದೇ ಮನೆ, ಒಂದೇ ಬಿಲ್ಲು,
ಒಂದೇ ಪೆಟ್ಟಿಗೆಯ ಹೊಟ್ಟೆಯಿಂದ ಹೊರಟ ಎರಡು ತಂತಿ.
ಅವನ ಕೋಣೆಯಲ್ಲಿ ಮುನ್ನೂರು ಮೆಗಾಬಿಟ್ಟು,
ಇವಳ ಕೋಣೆಯಲ್ಲಿ ತೊಂಬತ್ತನಾಲ್ಕು.
ಬೆಳಗ್ಗೆ ತೊಂಬತ್ತನಾಲ್ಕು, ನಡುರಾತ್ರಿ ತೊಂಬತ್ತನಾಲ್ಕು,
ಅಣ್ಣ ಊರಲ್ಲಿಲ್ಲದ ದಿನವೂ ತೊಂಬತ್ತನಾಲ್ಕು.
ಅಕ್ಟೋಬರ್ ಹನ್ನೊಂದರಿಂದ ಲೆಕ್ಕ ಬರೆದಿಟ್ಟಿದ್ದಳು
ಗೆರೆ ಎಳೆದ ನೋಟುಬುಕ್ಕಿನಲ್ಲಿ, ಸಹಿ ಸಮೇತ.

ಪುಟ ತಿರುವುತ್ತಾ ಅಂದುಕೊಂಡೆ:
ಕಳ್ಳನಿಗೆ ಇಷ್ಟು ಶಿಸ್ತಿರುವುದಿಲ್ಲ.
ಕದಿಯುವವನು ಒಂದು ದಿನ ಹೆಚ್ಚು ಕದಿಯುತ್ತಾನೆ,
ಒಂದು ದಿನ ಮೈಗಳ್ಳತನ ಮಾಡುತ್ತಾನೆ.
ದಿನವೂ ಅಳೆದು ಇಷ್ಟೇ ಎಂದು ಬಿಡುವುದು
ಕೈಯಲ್ಲ, ಕತ್ತು ಕಿರಿದಾದ ದಾರಿ.

ಹೇಳಲಿಲ್ಲ. ಹೇಳಿದರೆ ಯಾರು ನಂಬುತ್ತಾರೆ?
ಅವಳ ಕಂಪ್ಯೂಟರನ್ನು ಮಗುವಿನ ಹಾಗೆ ಎತ್ತಿಕೊಂಡು
ಅವನ ಮೇಜಿನ ಮೇಲೆ ಕೂರಿಸಿದೆ. ಮುನ್ನೂರು.
ಅವನದನ್ನು ಇವಳ ಕೋಣೆಗೆ ತಂದೆ. ತೊಂಬತ್ತನಾಲ್ಕು.
ನ್ಷಾನನ ಮುಖ ಆಗ ನೋಡಬೇಕಿತ್ತು,
ಗೆದ್ದವನದೋ ಸೋತವನದೋ ಅವನಿಗೇ ಗೊತ್ತಾಗಲಿಲ್ಲ.

ಹಾಗಾದರೆ ತಂತಿ.
ಮಂಡಿಯೂರಿ ಗೋಡೆಯ ಬುಡ ಹಿಡಿದು ಹೊರಟೆ,
ಬೀರುವಿನ ಹಿಂದೆ, ಒಣ ಏಪ್ರಿಕಾಟಿನ ಚೀಲದ ಹಿಂದೆ,
ಬೆಕ್ಕು ಮರೆತ ಉಣ್ಣೆಯುಂಡೆಯನ್ನು ದಾಟಿ
ಟಕಟಕ ಸದ್ದಿನವರೆಗೆ.

ಅಲ್ಲಿ ಅಜ್ಜಿ ವಾರ್ಸೆನಿಕ್, ಹೊಲಿಗೆ ಯಂತ್ರದ ಮುಂದೆ.
ಊರವರ ಸವೆದ ಕೋಟುಗಳ ಕಾಲರು ಬಿಚ್ಚಿ
ಒಳಮಗ್ಗುಲು ಹೊರಗೆ ತಿರುಗಿಸಿ
ಇನ್ನೈದು ಚಳಿಗಾಲ ಕೊಟ್ಟು ಕಳಿಸುವವಳು.
ಯಂತ್ರದ ಕಬ್ಬಿಣದ ಪಾದ
ಮೊಮ್ಮಗಳ ತಂತಿಯ ಬೆನ್ನ ಮೇಲೆ ನಿಂತಿತ್ತು.

‘ಯಂತ್ರ ಇಲ್ಲಿಗೆ ಯಾವಾಗ ಬಂತು?’
ಟಕಟಕ ನಿಂತಿತು.
‘ಕಣ್ಣು ಮಂಜಾಯಿತು. ಕಿಟಕಿ ಪಕ್ಕ ಬೆಳಕಿದೆ ಅಂತ
ದ್ರಾಕ್ಷಿ ಕೊಯ್ಲಿನ ಹೊತ್ತಿಗೆ... ನಾನೇ ಎಳೆದುಕೊಂಡೆ.’
ಎಷ್ಟು ಹೊತ್ತು ಬೇಕು ತಿಳಿಯುವವಳಿಗೆ?
ಬೆರಳಿಗೆ ಹಾಕಿದ ಲೋಹದ ಟೊಪ್ಪಿಯನ್ನು
ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಸಿಪ್ಪೆ ಸುಲಿದು ನೋಡಿದೆ.
ಎಂಟು ಎಳೆ, ಜೋಡಿ ಜೋಡಿಯಾಗಿ ಹೊಸೆದುಕೊಂಡು
ಕತ್ತಲಲ್ಲೂ ಕೈಬಿಡದೆ ಮಲಗುವಂಥವು.
ಅದರಲ್ಲಿ ಒಂದು ಕಂದು ಎಳೆ ತುಂಡಾಗಿತ್ತು, ಒಂದೇ.
ಎಂಟೂ ಇದ್ದರೆ ಓಟ. ಒಂದು ಹೋದರೆ
ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು
ನಾಲ್ಕರಲ್ಲಿ ಸಂಸಾರ ತೂಗಿಸುತ್ತವೆ,
ನಡಿಗೆಗೆ ಇಳಿಯುತ್ತವೆ. ಮನೆಯವರಿಗೆ ಹೇಳುವುದಿಲ್ಲ.

ಹೊಸ ತಂತಿ ಎಳೆದೆ, ಈ ಸಲ ಬಾಗಿಲ ನೆತ್ತಿಯ ಮೇಲೆ.
ನಮೂನೆಯಲ್ಲಿ ‘ಕಾರಣ’ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತಿತು.
‘ತಂತಿ ಹಳತಾಗಿತ್ತು’ ಎಂದು ಬರೆದು
ಮಕ್ಕಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.
ಸುಳ್ಳೇನಲ್ಲ. ಹೋದ ವರ್ಷದ್ದು.
ಕೇಳದೆಯೇ ಎರಡನೆಯ ಕಾಫಿ ಬಂತು,
ನೊರೆಯೆಲ್ಲ ನನ್ನ ಬಟ್ಟಲಿಗೇ ಸುರಿದು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಮತ್ತೆ ಜಗಳ:
‘ನಿನ್ನದು ಮುನ್ನೂರ ಹನ್ನೆರಡು, ನನ್ನದು ಮುನ್ನೂರ ಎಂಟು!
ಆ ನಾಲ್ಕು ಎಲ್ಲಿ ಹೋಯಿತು?’

ಏಣಿಯನ್ನು ಹೆಗಲು ಬದಲಿಸಿ
ಬೇಗಬೇಗ ಇಳಿದೆ.