ಎರಡು ಎಲ್ಬೋ

ಗುದ್ದಲಿ ಟಣ್ ಅಂತು.
ಮಣ್ಣಿನ ಸಪ್ಪಳ ಬ್ಯಾರೆ, ಬಂಡಿಗಲ್ಲಿನ ಸಪ್ಪಳ ಬ್ಯಾರೆ,
ಇದು ಎರಡೂ ಅಲ್ಲ.
ಕೆತ್ತಿದ ಕಲ್ಲು, ಒಳಗ ಯಾರೋ ಮಲಗ್ಯಾರ ಅನ್ನೂವಂಗ
ತಡದು ಓಗೊಡತೈತಿ.

ಸಾಂಗೆ ತಾಲೂಕಿನ ಅಡವಿ, ಮೇ ತಿಂಗಳ ಕಡೀ ವಾರ,
ಕುಂಬ್ಯಾಮಳದ ಹನ್ನೊಂದು ಮನಿಗೆ ನೀರಿನ ಪೈಪು.
ದಿನಗೂಲಿ ಅಲ್ಲ, ಮೀಟರಿಗೆ ಇಷ್ಟು ಅಂತ.
ನಾವು ಏಳು ಮಂದಿ, ಸಿಂದಗಿ ಕಡ್ಯಾವರು.
ವಾಸ್ಕೋದಾಗ ನಮಗ ಘಾಂಟಿ ಅಂತಾರ.
ಘಟ್ಟದ ಮ್ಯಾಲಿಂದ ಇಳದು ಬಂದಾವರು, ಅಷ್ಟ ಅರ್ಥ.
ಅನ್ನೂ ಧಾಟಿ ಬ್ಯಾರೆ.

ಒಂದಲ್ಲ, ಮೂರು ಕಲ್ಲು.
ಒಂದರ ಮ್ಯಾಲ ಸೂರ್ಯ, ಚಂದ್ರ, ಮತ್ತೇನಿಲ್ಲ.
ಉಮ್ಗೋ ವೇಳಿಪ ಸೊಂಟದ ಕತ್ತಿ ಸರಿಮಾಡಿಕೊಂಡು ಅಂದ:
"ಇದು ರಾಜಾನ ಶಿಕಾರಿ ಅಡವಿ.
ಕಲ್ಲಿನಿಂದ ಆಚೆ ಹಂದಿ, ಕಡವಿ, ಎಲ್ಲಾ ಅವಂದು.
ಈಚೆ ಬಿದ್ದು ಸತ್ತದ್ದು ನಮ್ಮದು."
ಯಾವ ರಾಜಾ? ಕೇಳಿದೆ.
"ಹಂದಿಗೆ ಗೊತ್ತಿತ್ತೇನು, ನನಗ ಗೊತ್ತಿರಾಕ?"

ಎರಡನೇದು ಸವದು ಸವದು ಸಾಬೂನಿನ ತುಣುಕಾಗಿತ್ತು.
ಹೆಂಗಸರು ಕುಂಕುಮ ಹಚ್ಚಿ ಹಚ್ಚಿ
ಅದಕ್ಕೊಂದು ಮಾರಿ ಮಾಡಿ ಇಟ್ಟಿದ್ರು.

ಮೂರನೇದು ನನ್ನ ಗುದ್ದಲಿ ತಿಂದದ್ದು.
ತಳದಾಗ ಹಂದಿ. ಹಂದಿ ಹೊಟ್ಟಿ ತೆಳಗ ಒಬ್ಬ ಆಳು, ಕೈಯಾಗ ಚೂರಿ.
ದೂರ ಕುದರಿ ಮ್ಯಾಲ ರಾಜಾ, ಅವನ ತಲಿ ಮ್ಯಾಲ ಕೊಡಿ;
ಕೊಡಿ ಹಿಡದಾಂವ ಒಡದು ಹೋಗ್ಯಾನ,
ಕೈಯಷ್ಟ ಉಳದೈತಿ.
ನಡುವಿನ ಸಾಲಿನಾಗ ಆಳನ್ನ ಎರಡು ಹೆಣ್ಣು
ಸಿಮೆಂಟಿನ ಚೀಲ ಹೊತ್ತಂಗ ಬಗಲಿಗೆ ಕೈ ಕೊಟ್ಟು ಒಯ್ಯಾಕ ಹತ್ಯಾರ.
ಮ್ಯಾಲಿನ ಸಾಲಿನಾಗ ಅಂವಾ ಲಿಂಗದ ಮುಂದ ಕುಂತಾನ.
ಕಾಲು ಮಡಚಿ ಕುಂಡರೂ ಪುರಸತ್ತು
ಅಂವಗ ಅದ ಮೊದಲನೇ ಸಲ ಸಿಕ್ಕಿರಬೇಕು.

ಸಾಲಿನ ನಡುವ ಅಕ್ಷರ.
ನಾ ನಾಕನೇತ್ತ ತನಕಾ ಕಲತಾಕಿ.
ಕಣ್ಣಿಗೆ ಒಂದೂ ತಿಳೀಲಿಲ್ಲ. ಬೆರಳಿಗೆ ಒಂದು ತಿಳೀತು: ರ.
ಬಳಪ ಹಿಡಿದ ನನ್ನ ಕೈ ಹಿಡದು
ಅಕ್ಕೋರು ದುಂಡಗ ತಿದ್ದಿಸಿದ್ದು,
ಅದ, ಸುಳ್ಳಲ್ಲ.
ಹಿಂದ ಏನು, ಮುಂದ ಏನು, ಪಾಚಿ ತಿಂದಿತ್ತು.

"ನಿಮ್ಮ ಭಾಷಾ ಅಲ್ಲೇನು? ಓದು" ಅಂದ
ಸೂಪರ್‌ವೈಸರ್ ಕ್ರಿಸೋಸ್ತೊ.
ನಮ್ಮದ, ಖರೆ. ಓದಾಕ ಬರೂದಿಲ್ಲ ಅಂದೆ.
ಅಂವಾ ನಗತಾನ ಅಂತ ತಿಳಕೊಂಡಿದ್ದೆ. ನಗಲಿಲ್ಲ.
ನಮ್ಮ ಅಜ್ಜಿ ಪತ್ರ ಒಂದು ಪೆಟಾರಿ ಅದಾವು,
ಎಲ್ಲಾ ಪೋರ್ತುಗೀಸು,
ನನಗೂ ಬರೂದಿಲ್ಲ ಅಂದು
ಟೇಪು ಎಳದ.

ನಾಯಿ ಮಾತು ಬಿಟ್ಟೆ.
ತಳದ ಸಾಲಿನಾಗ ಒಂದು ನಾಯಿ ಐತಿ, ಬಾಲ ನಿಗರಿಸಿ
ಹಂದಿ ಹಿಂಗಾಲು ಹಿಡದೈತಿ.
ಆಳನ್ನ ಹೊತ್ತವರು ನಾಯಿನ್ನ ಹೊತ್ತಿಲ್ಲ.
ಎಷ್ಟು ಮಳಿ ಬಿದ್ದಾವೋ ಅದರ ಮ್ಯಾಲ,
ಹಿಡದದ್ದು ಬಿಟ್ಟಿಲ್ಲ.

ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚಿದಾಗ
ಉಮ್ಗೋ ನನ್ನ ಕಡೆ ಕೈ ಚಾಚಿದ.
ಕೊಟ್ಟ ತುಣುಕು ತಾನು ತಿನ್ನಲಿಲ್ಲ, ಒಯ್ದು ನಾಯಿ ಮುಂದಿಟ್ಟ.
"ಶಿಕಾರಿ ದಿನ ಮೊದಲನೇ ಪಾಲು ಇದರದು."
ನಾವೂ ಅಲ್ಲೀತನಕ ಉಣ್ಣದ ಕುಂತಿದ್ವಿ, ಯಾಕೋ.

ಸಂಜಿಗೆ ಕಲ್ಲು ಬಳಸಿ ತೋಡಿದ್ವಿ,
ಮೂರು ಮೀಟರ್ ಹೆಚ್ಚಿಗಿ, ಎರಡು ಎಲ್ಬೋ.
ಅಳತಿ ಬುಕ್ಕಿನಾಗ ಕ್ರಿಸೋಸ್ತೊ ಕಾರಣ ಬರದ: ಬಂಡೆ.
ಇಂಜಿನಿಯರ ಸಾಹೇಬ ಸಹಿ ಹೊಡದ.

ನೀರು ಬಿಟ್ಟ ದಿನ
ಮೊದಲು ಬರೇ ಗಾಳಿ ಬಂತು.
ಎರಡನೇ ಎಲ್ಬೋದಾಗ ಸಿಕ್ಕೊಂಡು
ಮಣ್ಣಿನ ತೆಳಗ ಪೈಪು ಗುರ್ರ್ ಅಂತು.
ಉಮ್ಗೋ ಆ ಕಡೆ ತಿರುಗಿ, ಮೆಲ್ಲಕ,
ಸುಮ್ನಿರೋ, ನಮ್ಮವರ, ಅಂದ.