ಗೋಡೆಗಿಂತ ಮೊದಲು ಬಂದದ್ದು

ಹನ್ನೊಂದಕ್ಕೆ ಬಂದರು ಇಬ್ಬರು,
ಹುಡುಗನ ಕೈಯಲ್ಲಿ ಟೇಪು, ಹುಡುಗಿಯ ಕೊರಳಲ್ಲಿ ಕ್ಯಾಮೆರಾ.
ಕಮಾನು ಅಳೆದರು, ಕಿಟಕಿಯ ಸರಳು ಎಣಿಸಿದರು,
ಮಂಗಳೂರು ಹೆಂಚು ಎಂದು ಬರೆದುಕೊಂಡರು.
ಒಂಬತ್ತು ಒಡೆದಿವೆ ಎಂದು ಬರೆಯಲಿಲ್ಲ.
ಒಡೆದಲ್ಲೆಲ್ಲ ಕೆಳಗೆ ಗ್ರೀಸಿನ ಡಬ್ಬಿ ಇಟ್ಟವಳು ನಾನು.

"ಕಟ್ಟಿದ್ದು ಯಾವ ಇಸವಿ, ಅಮ್ಮಾ?"

ನನಗೆ ಗೊತ್ತಿರುವುದು ಲೆಕ್ಕದ ಪುಸ್ತಕ.
ಮೂವತ್ತೊಂದು ವರ್ಷ ಈ ಮೂಲೆಯಲ್ಲಿ ಕೂತು ಬರೆದಿದ್ದೇನೆ.
ನನಗಿಂತ ಹಿಂದಿನದು ಬೇರೆ ಕೈ, ಬೇರೆ ಶಾಯಿ;
ಎಣ್ಣೆ ಬೆರಳು ಬೀಳದ ಹಾಳೆ ಮಾತ್ರ ಯಾರ ಕಾಲದಲ್ಲೂ ಇಲ್ಲ.
ಮೊದಲ ಪುಟ ಗೆದ್ದಲಿಗೆ ಹೋಯಿತು.
ಎರಡನೆಯದು ಓದಿ ಹೇಳಿದೆ:

ಜಿನ್ನಿಂಗ್ ಫ್ಯಾಕ್ಟರಿ, ಬುಶ್ ನಾಲ್ಕು, ಹನ್ನೆರಡಾಣೆ, ಬಾಕಿ.
ಮಂಡಕ್ಕಿ ಭಟ್ಟಿ ಹುಸೇನಮ್ಮ, ಜರಡಿ ಒಂದು,
ರೊಕ್ಕ ಇಲ್ಲ, ಎರಡು ಚೀಲ ಮಂಡಕ್ಕಿ ಬಂತು.
ಮಿಲ್ಲು, ಗೇರು ಚಕ್ರ, ಮೂವತ್ತಾರು ಹಲ್ಲು, ರಾತ್ರಿ ಕೆಲಸ.

ಹುಡುಗಿ ನಕ್ಕಳು. ಕೆಟ್ಟ ನಗೆಯಲ್ಲ.
"ದೊಡ್ಡವರು ಯಾರಾದರೂ ಬಂದಿದ್ದರಾ ಇಲ್ಲಿಗೆ?"

ಬಂದಿದ್ದರಲ್ಲ.
ರಾತ್ರಿ ಎರಡಕ್ಕೆ, ಮಿಲ್ಲಿನ ಫಿಟ್ಟರ್ ಸಿದ್ರಾಮಪ್ಪ,
ತುಂಡಾದ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ,
ಜ್ವರ ಬಂದ ಕೂಸಿನ ಹಾಗೆ ಹೆಗಲಿಗೆ ಹಾಕಿಕೊಂಡು.
"ಬೆಳಿಗ್ಗೆ ಪಾಳಿಗೆ ಆರುನೂರು ಜನ ಬರ್ತಾರ, ಆಚಾರ್ರೆ."
ಗಂಗಾಧರಾಚಾರ್ರು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದರಂತೆ.
ಆರಕ್ಕೆ ಸೈರನ್ನು ಕೂಗಿತು.
ಚೌಕಿಪೇಟೆಯಲ್ಲಿ ಹೆಂಗಸರು ಒಲೆ ಹಚ್ಚಿದರು, ಎಂದಿನಂತೆ.
ಒಂದು ದಿನ ಏನೂ ಆಗದೆ ಹೋಗಲಿಕ್ಕೆ
ಇಲ್ಲಿ ಯಾರೋ ಎದ್ದಿದ್ದರು. ಇದನ್ನು ಎಲ್ಲಿ ಬರೆಯುತ್ತೀರಿ?

ಮಿಲ್ಲು ಮುಚ್ಚಿದ ಮೇಲೆ
ನಮ್ಮ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡತೊಡಗಿತು.
ತಿದ್ದಲು ಸೈರನ್ನಿಲ್ಲ.
ಹಾಗೇ ಬಿಟ್ಟಿದ್ದೇವೆ.

ಹುಡುಗ ಮೊಬೈಲು ನೋಡುತ್ತ ಹೇಳಿದ:
ಮುಂಭಾಗ ಉಳಿಸಬಹುದು, ಕಮಾನು ಚೆನ್ನಾಗಿದೆ,
ಒಳಗಿನ ಯಂತ್ರ ಬೇರೆಡೆ ಸಾಗಿಸಬಹುದು.
ಆಚಾರ್ರ ಮೊಮ್ಮಗ ಗುಜರಿಯವನ ದರ ಕೇಳಿ ಇಟ್ಟಿದ್ದಾನೆ,
ಕಿಲೋಗೆ ಇಷ್ಟು ಅಂತ. ನಾನು ಬಾಯಿ ಬಿಡಲಿಲ್ಲ.

ಮೌಲಾಲಿ ಲೇತು ನಿಲ್ಲಿಸಿದ.
ಎಡಗಿವಿ ಕೇಳಿಸದು ಅವನಿಗೆ, ಬಲಗಿವಿಗೆ ಬೇಕಾದ್ದು ಮಾತ್ರ.
"ಹೆಂಗ ಒಯ್ತೀರಿ?"

ಟೇಪು ಎಳೆದರು.
ಬಾಗಿಲು ಮೂರಡಿ ನಾಲ್ಕಂಗುಲ.
ಲೇತು ಅಡ್ಡ ನಾಲ್ಕೂವರೆ ಅಡಿ, ಒಂದೇ ಎರಕ.
ಇನ್ನೊಮ್ಮೆ ಎಳೆದರು. ಕಬ್ಬಿಣ ಕುಗ್ಗಲಿಲ್ಲ.

"ಮುಂಬೈಯಿಂದ ಗೂಡ್ಸಿನಾಗ ಬಂತ್ರಿ ಇದು.
ಸ್ಟೇಷನ್ನಿನಿಂದ ಆರು ಎತ್ತು, ಎಲ್ಡು ದಿನ.
ಆಗ ಇಲ್ಲಿ ಏನೂ ಇರ್ಲಿಲ್ಲ, ಬರೇ ನೆಲ.
ಮೊದಲು ಇದನ್ನ ಕುಂದ್ರಿಸಿದ್ರು.
ಮಳಿ ಬಂತು ಅಂತ ಮ್ಯಾಲೆ ಹೆಂಚು,
ಕಳ್ಳರ ಭಯಕ್ಕ ಸುತ್ತ ಗ್ವಾಡಿ.
ಬಾಗಿಲಾ ಕಡೀಗೆ. ಅದು ಮನುಷ್ಯರ ಅಳತಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಒಡೆದ ಹೆಂಚಿನಿಂದ ಇಳಿದ ಬಿಸಿಲು
ಲೋಹದ ಸುರುಳಿಗಳ ಮೇಲೆ ಕೂತಿತ್ತು.
"ಕೈ ಇಡವ್ವ," ಅಂದ ಮೌಲಾಲಿ, ಸ್ವಿಚ್ಚು ಹಾಕಿ.
ಹುಡುಗಿ ಅಂಗೈ ಇಟ್ಟಳು. ಬೇಗ ತೆಗೆಯಲಿಲ್ಲ.
ಅವಳ ಹಾಳೆಯಲ್ಲಿ ಒಂದು ಗೆರೆ ಹೊಡೆದದ್ದು ಕಂಡೆ.
ಯಾವುದನ್ನು ಹೊಡೆದಳೋ, ನನ್ನ ಕನ್ನಡಕ ಮನೆಯಲ್ಲಿತ್ತು.

ಅಷ್ಟರಲ್ಲಿ ಲೂನಾ ಮೇಲೆ ಭಟ್ಟಿಯ ಹುಡುಗ,
ಮೈಯೆಲ್ಲ ಹೊಟ್ಟಿನ ಮಸಿ, ಕೈಯಲ್ಲಿ ಎರಡು ತುಂಡು:
"ಜರಡಿ ಅಚ್ಚು ಮುರೀತು, ಸಂಜಿಗೆ ಬೇಕು, ಲೆಕ್ಕದಕ್ಕ."
ಹುಸೇನಮ್ಮ ಯಾರು ಅಂತ ಅವನಿಗೆ ಗೊತ್ತಿಲ್ಲ.
ಪುಸ್ತಕ ತಿರುವಿ ಇವತ್ತಿನ ಪುಟಕ್ಕೆ ಬಂದೆ.
ತಾರೀಖು ಹಾಕಿದೆ.
ಮಂಡಕ್ಕಿ ಭಟ್ಟಿ, ಅಚ್ಚು ಒಂದು,
ಬಾಕಿ.