ನೂರು ಎಮ್ಮೆಲ್ಲು

ವಾರ್ಡಿನಿಂದ ನಾನು ಕದ್ದದ್ದು
ಖಾಲಿ ಸಲೈನ್ ಬಾಟಲಿ ಒಂದು,
ಅದರ ನಳಿಗೆ, ಒಂದು ಕ್ಲಾಂಪು.
ಹೇಗೂ ಕಸಕ್ಕೆ ಹೋಗುವಂಥದು. ಆದರೂ
ಟಿಫಿನ್ ಡಬ್ಬಿಯ ಕೆಳಗೆ ಅಡಗಿಸಿ ತಂದೆ.

ತುಪೆ ಮಾಮಾನಿಗೆ ಬೇಕಿತ್ತು.
ಹೆಸರಿನಲ್ಲಿ ತುಪ್ಪ, ಮೈಯೆಲ್ಲ ಸೀಮೆಎಣ್ಣೆ.
ಹಡಪ್ಸರದ ಕಾಲುವೆ ದಂಡೆಗೆ ಅವನ ತಗಡಿನ ಶೆಡ್ಡು,
ಶೆಡ್ಡಿನ ಮುಂದೆ ನಮ್ಮ ಹಳೇ ಸಿಕ್ಸ್ ಸೀಟರ್.
"ಹೊಸಾದು ತಗೋ ಅಂತಾರ ಎಲ್ಲಾರೂ,
ಕಂತು ಅವರಪ್ಪ ಕಟ್ಟತಾನೇನು?"
ಅಂದ ನನ್ನ ಗಂಡ ಸಾತಲಿಂಗ
ಟೈರಿಗೆ ಒದೆಯುತ್ತ.

ದತ್ತನ ಫೋಟೋ ಪಕ್ಕದಲ್ಲಿ
ಬಾಟಲಿ ತಲೆಕೆಳಗಾಗಿ ತೂಗಿತು,
ನೂರು ಎಮ್ಮೆಲ್ ಡೀಸೆಲ್ಲು. ಪಂಪಿನಿಂದ
ಮರಳಿ ಬರುವ ಎಣ್ಣೆಯ ನಳಿಗೆಯೂ ಅದಕ್ಕೇ.
ನಳಿಗೆಯೊಳಗೆ ಗುಳ್ಳೆ ಕಂಡು
ಅಭ್ಯಾಸದ ಬೆರಳು ತಾನೇ ತಟ್ಟಿ ತಟ್ಟಿ
ಮೇಲಕ್ಕೆ ಅಟ್ಟಿತು.
"ಇಷ್ಟು ವರ್ಷ ನಾನು ನಟ್ಟು ಸಡಿಲಿಸಿ
ಉಗುಳಿಸುತ್ತಿದ್ದೆ, ಸಿಸ್ಟರ್‌ಬಾಯಿ," ಎಂದ ಮಾಮಾ.
ಗಾಳಿ ಹೊಕ್ಕರೆ ಇಬ್ಬರೂ ನಿಂತುಬಿಡುತ್ತಾರೆ,
ಮನುಷ್ಯನೂ ಇಂಜಿನ್ನೂ.

ಫುರಸುಂಗಿ ದಾಟಿ, ಸಾಸವಡದ ರಸ್ತೆ.
ನಾನು ಲೈಟಿನ ಕಂಬ ಎಣಿಸಿದೆ.
ನಲವತ್ತಮೂರಕ್ಕೆ ಕೆಮ್ಮಿ ನಿಂತಿತು
ಕಬ್ಬಿನಹಾಲಿನ ಗಾಣದ ಎದುರು.
ಸೈಲೆನ್ಸರಿನ ಬಾಯಿಗೆ ಹಿಡಿದ ಬ್ಯಾಂಡೇಜ್ ಬಟ್ಟೆ
ಕಣ್ಣಿಗೆ ಹಚ್ಚುವಂತಿತ್ತು, ಅಷ್ಟು ಕಪ್ಪು.

ನನಗೆ ಆ ಕಪ್ಪು ಗೊತ್ತು.
ಮಕ್ಕಳ ವಾರ್ಡಿನಲ್ಲಿ ಎರಡು ವರ್ಷದ ಪಕ್ಕೆಲುಬು
ಒಳಕ್ಕೆ ಸೇದಿಕೊಳ್ಳುವುದನ್ನು ಎಣಿಸಿದ್ದೇನೆ,
ನಿಮಿಷಕ್ಕೆ ಐವತ್ತೆಂಟು.
ಆ ತಾಯಿ ಗೇಟಿನಲ್ಲಿ ಇಳಿದದ್ದು
ಯಾರ ಗಾಡಿಯಿಂದ ಎಂದು ನೋಡಿದ್ದೆ.
ಮನೆಯಲ್ಲಿ ಹೇಳಿಲ್ಲ.

ಮುಂದಿನ ಭಾನುವಾರ ಇಂಜಿನ್ ಎದೆ ಬಿಚ್ಚಿ ಮಲಗಿತ್ತು.
ಮಾಮಾ ಪಿಸ್ಟನ್ನನ್ನು ತೊಡೆಯ ಮೇಲಿಟ್ಟು
ನೆತ್ತಿಗೆ ಅರದಿಂದ ಗೀರು ಹಾಕುತ್ತಿದ್ದ.
ಮೂರು ಗೀರು, ನಡುವಿನಿಂದ ಅಂಚಿಗೆ,
ಸಾಸಿವೆ ಉರುಳುವಷ್ಟು ಅಗಲ.
"ಮೂಲೆಯ ಡೀಸೆಲ್ಲು
ಪಂಕ್ತಿಯ ಕೊನೆಗೆ ಕೂತವರ ಹಾಗೆ.
ಬಡಿಸುವವನು ಮುಟ್ಟುವುದರೊಳಗೆ
ಎಲೆ ಎತ್ತಿ ಎಬ್ಬಿಸಿಬಿಡುತ್ತಾರೆ.
ಹೊಗೆ ಅಂದರೆ ಅದೇ, ಉಣ್ಣದೆ ಎದ್ದು ಹೋದವರು.
ಬೆಂಕಿಗೆ ಒಂದು ಓಣಿ ಮಾಡಿಕೊಡಬೇಕು."
ಮರಾಠಿಯಲ್ಲಿ ಹೇಳಿದ; ನನಗೆ ಕೇಳಿಸಿದ್ದು
ನಮ್ಮ ಇಂಡಿ ತಾಲೂಕಿನ ಮಾತಿನಲ್ಲಿ.

ಮತ್ತೆ ಬಾಟಲಿ, ಮತ್ತೆ ನೂರು, ಮತ್ತೆ ಗುಳ್ಳೆ.
ಗಾಣ ದಾಟಿತು. ಯಾರೂ ಉಸಿರೆತ್ತಲಿಲ್ಲ.
ನಲವತ್ತಾರು. ನಲವತ್ತೇಳು.
ನಲವತ್ತೊಂಬತ್ತನೆಯ ಕಂಬ, ಮೇಲೆ ಹನ್ನೊಂದು ಹೆಜ್ಜೆ.
ಸಾತಲಿಂಗ ಸ್ಟೇರಿಂಗ್ ಮೇಲೆ ಹಣೆಯಿಟ್ಟು ನಕ್ಕ,
ಮದುವೆಯಲ್ಲೂ ಹಾಗೆ ನಕ್ಕಿರಲಿಲ್ಲ.
ಮಾಮಾ ನಗಲಿಲ್ಲ. ಬೆರಳು ಒದ್ದೆ ಮಾಡಿ
ಗಾಳಿಗೆ ಹಿಡಿದ.
"ಹಿಂದಿನಿಂದ ಬೀಸ್ತಾ ಇದೆ. ಇನ್ನೊಮ್ಮೆ."

ಆ ಇನ್ನೊಮ್ಮೆಗೆ ಅರ್ಧ ದಾರಿಯಲ್ಲಿ
ಒಬ್ಬ ಮುದುಕಿ ಕೈ ಅಡ್ಡ ಹಾಕಿದಳು,
ತಲೆಯ ಮೇಲೆ ಅಂಜೂರದ ಬುಟ್ಟಿ.
ಖಾಲಿ ಗಾಡಿ, ಬಿಸಿಲು. ಹದಿನೈದು ವರ್ಷದ ಕಾಲು,
ಬ್ರೇಕ್ ಒತ್ತಿಯೇ ಬಿಟ್ಟಿತು.
ಹತ್ತಿ ಕೂತು ನನಗೆ ಕೇಳಿದಳು,
ಮೇಲೆ ತೂಗುವುದನ್ನು ನೋಡಿ,
"ಗಾಡಿಗೆ ಜ್ವರ ಏನವ್ವ?"

ನಲವತ್ತನಾಲ್ಕು.
ಮಾಮಾ ನೋಟುಬುಕ್ಕಿನಲ್ಲಿ ಬರೆದ, ಹೊಡೆದುಹಾಕಿದ,
ಪಕ್ಕದಲ್ಲಿ ಮತ್ತೆ ಬರೆದ:
ಅಂಜೂರ, ಹನ್ನೆರಡು ಕಿಲೋ. ಅಜ್ಜಿ, ಅಂದಾಜು ನಲವತ್ತು.

ಬಟ್ಟೆ ಮಾತ್ರ ನನ್ನ ಪರ್ಸಿನಲ್ಲಿದೆ.
ಬಿಳಿ ಅಲ್ಲ. ಒಲೆಯ ಬೂದಿಯ ಬಣ್ಣ.
ಬೂದಿ ಎಂದರೆ, ಏನೋ, ಪೂರ್ತಿ ಉರಿದದ್ದು.

ರಾತ್ರಿ ಪಾಳಿ. ಒಂಬತ್ತನೆಯ ಹಾಸಿಗೆಯ ಮಗಳು
ಬಾಟಲಿಯನ್ನೇ ನೋಡುತ್ತ ಕೇಳುತ್ತಾಳೆ,
"ಸಿಸ್ಟರ್, ಇದು ಎಲ್ಲಿಯವರೆಗೆ ಬರುತ್ತದೆ?"
ನಲವತ್ತೊಂಬತ್ತನೆಯ ಕಂಬ ಎನ್ನಲಿದ್ದ ನಾಲಗೆಯನ್ನು
ಕಚ್ಚಿ ಹಿಡಿದು
ಬೆಳಗಿನ ತನಕ, ಎಂದೆ.
ನಳಿಗೆಯನ್ನೊಮ್ಮೆ ತಟ್ಟಿದೆ.